ಎಕ್ಸಾಸ್ಟ್ ಆಮೇಲೆ ನೋಡ್ಕೊಳ್ಳೋಣ, ಮೊದ್ಲು ಬ್ರೇಕ್ ಆಯಿಲ್ ಬದಲಾಯ್ಸು ಗುರು

ನಮಸ್ಕಾರ ನಮಸ್ಕಾರ. ಇವತ್ತು ಬೇರೆ ಎಪಿಸೋಡ್ ಇತ್ತು, ಟೈರ್ ಬಗ್ಗೆ, ಸ್ಕ್ರಿಪ್ಟೂ ರೆಡಿ ಇತ್ತು, ಆದ್ರೆ ಬೆಳಿಗ್ಗೆ ಕಾಫಿ ಕುಡೀತಾ ಒಂದು ಕಾಮೆಂಟ್ ಓದ್ದೆ, ಕಾಫಿ ಅಲ್ಲೇ ತಣ್ಣಗಾಯ್ತು, ನಾನು ಬಿಸಿಯಾದೆ.

ಒಬ್ಬ ಹುಡುಗ ಕೇಳಿದಾನೆ: "ಬ್ರೋ, ಮುಂದಿನ ತಿಂಗಳು ಚೆನ್ನೈಯಲ್ಲಿ ನನ್ನ ಮೊದಲನೇ ಟ್ರ್ಯಾಕ್ ಡೇ, ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ 245 ತಗೊಂಡಿದೀನಿ, ಡೌನ್‌ಪೈಪ್ ಆಯ್ತು, ಸ್ಟೇಜ್ 2 ಆಯ್ತು, ಇನ್ನೇನ್ ಹಾಕಿಸ್ಲಿ?" ಗೊತ್ತಿಲ್ದೇ ಇರೋರಿಗೆ: ಟ್ರ್ಯಾಕ್ ಡೇ ಅಂದ್ರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಲ್ಲಿ ಓಡ್ಸೋ ದಿನ, ಡೌನ್‌ಪೈಪ್ ಅಂದ್ರೆ ಟರ್ಬೋ ಹಿಂದಿನ ಎಕ್ಸಾಸ್ಟ್ ಪೈಪು, ಸ್ಟೇಜ್ 2 ಅಂದ್ರೆ ಇಂಜಿನ್ ಪವರ್ ಏರ್ಸೋ ಟ್ಯೂನು. ಗುರು, ಆ ಸ್ಕೋಡಾ ಆಕ್ಟೇವಿಯಾ 2020ರಲ್ಲಿ ಇಂಡಿಯಾಗೆ ಬರೀ 200 ಬಂದಿದ್ದ ಕಾರು, ಒಳ್ಳೇ ಗಾಡಿ, ಹೊಟ್ಟೆ ಉರ್ಕೊಂಡೇ ಹೇಳ್ತಿದೀನಿ. ನಾನು ಮರ್ಯಾದೆಯಾಗಿ "ಬ್ರೇಕ್ ಆಯಿಲ್ ಬದಲಾಯ್ಸು" ಅಂತ ರಿಪ್ಲೈ ಹಾಕ್ದೆ. ಅದಕ್ಕೆ ಅವನು "ಬ್ರೋ, ಓಡ್ಸೋದ್ ಕೇಳಿದ್ರೆ ನಿಲ್ಸೋದ್ ಹೇಳ್ತೀರಲ್ಲ" ಅಂತ ಐದು ನಗೋ ಎಮೋಜಿ. ಅದರ ಕೆಳಗಡೆ ಇನ್ನೊಬ್ಬ ಮಹಾನುಭಾವ "ಬ್ರೋಗೆ ಬೆಳ್ ಬೆಳಿಗ್ಗೆನೇ ಎಣ್ಣೆ ಜ್ಞಾಪಕ" ಅಂತೆ. ಅದಕ್ಕೆ ಲೈಕ್ ಬೇರೆ, ನನ್ನ ರಿಪ್ಲೈಗಿಂತ ಜಾಸ್ತಿ. ಸರಿ, ಇವತ್ತು ಎಣ್ಣೆ ಬಗ್ಗೆನೇ ಮಾತಾಡೋಣ, ಪೂರ್ತಿ ಎಣ್ಣೆ.

ಒಂದು ಕೆಲಸ ಮಾಡಿ. ಮೆಡಿಕಲ್ ಸ್ಟೋರಿಂದ ಹೊಸ ಸಿರಿಂಜ್ ತನ್ನಿ, ಸೂಜಿ ಬೇಡ. ಅದರಲ್ಲಿ ನೀರು ತುಂಬ್ಸಿ, ತುದಿಗೆ ಬೆರಳಿಟ್ಟು ಒತ್ತಿ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಈಗ ಒಳಗೆ ಒಂದೇ ಒಂದು ಗುಳ್ಳೆ ಬಿಟ್ಕೊಂಡು ಒತ್ತಿ ನೋಡಿ, ಪುಸಕ್ ಅಂತ ಒಳಗೆ ಹೋಗತ್ತೆ. ನಿಮ್ಮ ಕಾಲಿನ ಶಕ್ತಿ ನಾಲ್ಕು ಚಕ್ರಕ್ಕೆ ಹೋಗೋದು ಹಿಂಗೇನೇ, ಪೈಪಿನ ಒಳಗಿರೋ ದ್ರವದ ಮೂಲಕ, ಆ ದ್ರವ ಕುದ್ದು ಆವಿ ಆಯ್ತು ಅಂದ್ರೆ ನೀವು ಒತ್ತೋದು ಬ್ರೇಕ್ ಅಲ್ಲ, ಗುಳ್ಳೆ. ಪೆಡಲ್ ಸೀದಾ ಮ್ಯಾಟ್ ಮುಟ್ಟತ್ತೆ, ಕಾರು ಸೀದಾ ಮುಂದಕ್ಕೆ ಹೋಗತ್ತೆ.

"ಅಷ್ಟು ಬಿಸಿ ಎಲ್ಲಿ ಆಗತ್ತೆ ಬ್ರೋ?" ಲೆಕ್ಕ ಹಾಕೋಣ ಬಾ. ನೀನೂ ನಿನ್ನ ಕಾರೂ ಸೇರಿ 1500 ಕೆಜಿ ಅಂದ್ಕೋ. ಸ್ಟ್ರೇಟಲ್ಲಿ 160 ಬಂದು ಕಾರ್ನರಿಗೆ 60ಕ್ಕೆ ಇಳಿಸ್ತೀಯ. ಆ ಒಂದು ಸಲ ಬ್ರೇಕ್ ಹೊಡೆಯೋದ್ರಲ್ಲಿ ಬರೋ ಶಾಖದಲ್ಲಿ ಹತ್ರ ಹತ್ರ 4 ಲೀಟರ್ ತಣ್ಣೀರು ಕುದಿಯೋ ಮಟ್ಟಕ್ಕೆ ಬರತ್ತೆ. ಒಂದು ಸಲಕ್ಕೆ! ಒಂದು ಲ್ಯಾಪಲ್ಲಿ ಇಂಥದ್ದು ಎಷ್ಟು ಸಲ, ಒಂದು ಸೆಷನ್ನಲ್ಲಿ ಎಷ್ಟು ಲ್ಯಾಪು, ಮದುವೆ ಮನೆ ಸಾರು ಮಾಡ್ಬೋದು. ನಂದಿ ಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹೋಗ್ಬಂದು "ಬ್ರೇಕ್ ಸೂಪರ್ ಇದೆ" ಅನ್ನೋರು ದಯವಿಟ್ಟು ಸ್ವಲ್ಪ ಹೊತ್ತು ಸುಮ್ನಿರಿ, ಅಲ್ಲಿ ಮುಂದೆ ಟೆಂಪೋ ಟ್ರಾವೆಲರ್ ಇತ್ತು, ನೀವು 30ರಲ್ಲಿ ಹೋಗಿದೀರ.

ಈಗ ಅಸಲಿ ವಿಷಯ. ಬ್ರೇಕ್ ಆಯಿಲ್ ನೀರು ಕುಡಿಯತ್ತೆ. ಸೀಲ್ ಒಡೆದ ಬಾಟಲಲ್ಲಿದ್ರೂ ಅಷ್ಟೇ ಕಾರಲ್ಲಿದ್ರೂ ಅಷ್ಟೇ, ಗಾಳಿಯಲ್ಲಿರೋ ತೇವ ಎಳ್ಕೊಳತ್ತೆ, ಮಳೆಗಾಲದ ಹಪ್ಪಳದ ಥರ. ಡಾಟ್ 4 ಅನ್ನೋದು ಬ್ರೇಕ್ ಆಯಿಲಿನ ಒಂದು ಗ್ರೇಡು, ಹೊಸದು ಕನಿಷ್ಠ 230 ಡಿಗ್ರಿವರೆಗೆ ಕುದೀದೆ ತಡೀಬೇಕು. ಅದರಲ್ಲಿ 3.7 ಪರ್ಸೆಂಟ್ ನೀರು ಸೇರ್ತು ಅಂದ್ರೆ ಸ್ಟ್ಯಾಂಡರ್ಡೇ 155 ಡಿಗ್ರಿಗೆ ಇಳಿಯತ್ತೆ. 75 ಡಿಗ್ರಿ ಹೋಯ್ತು, ಸುಮ್ನೆ ನಿಂತಲ್ಲೇ. ತಮಾಷೆ ಏನಂದ್ರೆ ಚೆನ್ನೈ ಹತ್ರದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿನ ಉದ್ದನೂ 3.7 ಕಿಲೋಮೀಟರು. 3.7 ಪರ್ಸೆಂಟ್ ನೀರು ಇಟ್ಕೊಂಡು 3.7 ಕಿಲೋಮೀಟರ್ ಓಡ್ಸಕ್ಕೆ ಹೋಗ್ಬೇಡಿ. ಇದನ್ನ ಟೀಶರ್ಟ್ ಮೇಲೆ ಹಾಕಿಸ್ತೀನಿ, ಲಿಂಕ್ ಡಿಸ್ಕ್ರಿಪ್ಶನಲ್ಲಿ ಬರತ್ತೆ, ಎಕ್ಸ್ಎಲ್ ಸೈಜ್ ಖಾಲಿ ಆಗೋದು ಬೇಗ.

ನನಗೆ ಹೆಂಗೆ ಗೊತ್ತು ಅಂದ್ರೆ, ನಾನೇ ಆ ಬುದ್ಧಿವಂತ. ನನ್ನ ಪೋಲೋ ಜಿಟಿ, ಮೊದಲನೇ ಟ್ರ್ಯಾಕ್ ಡೇ, ಬೆಳಗಿನ ಜಾವ ಹೊಸೂರು ಕೃಷ್ಣಗಿರಿ ಮೇಲೆ ಮುನ್ನೂರು ಕಿಲೋಮೀಟರ್ ಓಡ್ಸ್ಕೊಂಡು ಹೋಗಿದೀನಿ, ಆಂಬೂರಲ್ಲಿ ಬಿರಿಯಾನಿ ತಿನ್ನೋದು ಬೇಡ ವಾಪಸ್ ಬರ್ತಾ ತಿನ್ನೋಣ ಅಂತ ಸಂಯಮ ಬೇರೆ. ಏರ್ ಫಿಲ್ಟರ್ ಹೊಸದು, ಸ್ಟಿಕ್ಕರ್ ಹೊಸದು, ಬ್ರೇಕ್ ಆಯಿಲ್ ಬಗ್ಗೆ ಗ್ಯಾರೇಜಿನೋರು "ಚೇಂಜ್ ಮಾಡಿದೀವಿ ಸಾರ್" ಅಂದಿದ್ರು. ಎರಡನೇ ಸೆಷನ್, ಐದನೇ ಲ್ಯಾಪು, ಸ್ಟ್ರೇಟ್ ಮುಗಿಯೋ ಕಡೆ ಕಾಲಿಟ್ಟೆ, ಪೆಡಲ್ ಬೆಣ್ಣೆ. ಹಸು ಹಾಲು ಕರೆಯೋ ಥರ ಟಪ ಟಪ ಟಪ ಅಂತ ಪಂಪ್ ಮಾಡಿದೀನಿ, ಮೂರನೇ ಸಲಕ್ಕೆ ಸ್ವಲ್ಪ ಸಿಕ್ತು, ಅಷ್ಟರಲ್ಲಿ ನಾನೂ ಪೋಲೋನೂ ಹುಲ್ಲಲ್ಲಿ ಮೇಯ್ತಾ ಇದ್ವಿ. ಯಾರಿಗೂ ಏನೂ ಆಗಿಲ್ಲ. ಪಿಟ್ಟಿಗೆ ಬಂದಾಗ ಪಕ್ಕದ ಅಣ್ಣ ಒಬ್ರು ಏನೂ ಮಾತಾಡ್ದೆ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ನನ್ನ ಮುಖ ನೋಡಿದ್ರು. ಮೇಲೆ ಜೇನುತುಪ್ಪದ ಬಣ್ಣ, ಫ್ರೆಶ್ಶು. ಆಮೇಲೆ ಚಕ್ರದ ಹತ್ರ ಪ್ಯಾಡ್ ಒತ್ತೋ ಕ್ಯಾಲಿಪರಿನ ನಿಪ್ಪಲ್, ಅಂದ್ರೆ ಆಯಿಲ್ ಹೊರಗೆ ಬಿಡೋ ತಿರುಪು, ಬಿಚ್ಚಿದ್ರೆ ಬಂದಿದ್ದು ಡಿಕಾಕ್ಷನ್, ಎರಡನೇ ಸಲ ನೀರು ಹಾಕಿ ಇಳಿಸಿರ್ತಾರಲ್ಲ, ಆ ಡಿಕಾಕ್ಷನ್. ಮೇಲಿನ ಡಬ್ಬಿದು ಮಾತ್ರ ಹೀರಿ ಹೊಸದು ಸುರಿದಿದ್ರು, ಒಳಗೆ ಹಳೇದು ಹಂಗೇ. ಚೇಂಜ್ ಮಾಡಿದೀವಿ ಸಾರ್.

ಅದಕ್ಕೇ ಹೇಳ್ತಿರೋದು, ಬ್ರೇಕ್ ಆಯಿಲ್. ಮೇಲಿನ ಡಬ್ಬಿ ಅಲ್ಲ, ನಾಲ್ಕೂ ಚಕ್ರದಿಂದ ಹಳೇದು ಪೂರ್ತಿ ಹೊರಗೆ, ಹೊಸದು ಕಾಣೋವರೆಗೆ.

ಈಗ ಪಂಡಿತರು ಬರ್ತಾರೆ. "ಬ್ರೋ, ನನ್ನ ಕಾರಲ್ಲಿ ಎಬಿಎಸ್ ಇದೆ." ಸಂತೋಷ, ಎಬಿಎಸ್ ಕೆಲಸ ಮಾಡೋದೂ ಅದೇ ಆಯಿಲ್ ಮೇಲೆ, ಗುಳ್ಳೆ ಮೇಲಲ್ಲ. "ಬ್ರೋ, ನಾನು ಸಿಕ್ಸ್ ಪಾಟ್ ದೊಡ್ಡ ಬ್ರೇಕ್ ಕಿಟ್ ಹಾಕಿಸಿದೀನಿ." ಒಳಗೆ ಏನಿದೆ? ಡಿಕಾಕ್ಷನ್. ಬೆಳ್ಳಿ ಲೋಟದಲ್ಲಿ ಡಿಕಾಕ್ಷನ್. "ಬ್ರೋ, ಪ್ಯಾಡು ಮುಖ್ಯ ಅಲ್ವಾ?" ಮುಖ್ಯನೇ, ಒಪ್ಕೋತೀನಿ, ರೋಡ್ ಪ್ಯಾಡ್ ಜಾಸ್ತಿ ಕಾದ್ರೆ ಪೆಡಲ್ ಕಲ್ಲಿನಂಗೆ ಗಟ್ಟಿ ಇದ್ರೂ ಕಾರು ನಿಲ್ಲಲ್ಲ, ಅರ್ಧ ಸವೆದಿದ್ರೆ ಹೊಸದು ಹಾಕ್ಸಿ, ಆದ್ರೆ ಅವಾಗ ಒತ್ತಕ್ಕೆ ಪೆಡಲ್ ಆದ್ರೂ ಇರತ್ತಲ್ಲಪ್ಪ! "ಬ್ರೋ, ಕಾರು ತಗೊಂಡು ಎರಡೇ ವರ್ಷ." ಎರಡು ಮಳೆಗಾಲ ಅನ್ನು. ಮಂಗಳೂರು ಕಡೆಯೋರಾದ್ರೆ ನಾಲ್ಕು ಅಂದ್ಕೊಳ್ಳಿ.

ಯಾವುದು ಹಾಕ್ಬೇಕು ಅಂದ್ರೆ, ಮೊದಲನೇ ಸಲಕ್ಕೆ ಸೀಲ್ ಒಡೀದೇ ಇರೋ ಒಳ್ಳೇ ಡಾಟ್ 4 ಹಾಕಿದ್ರೂ ನನ್ನಂಥ ಗತಿ ಬರಲ್ಲ, ಇನ್ನೂ ಧೈರ್ಯ ಬೇಕಂದ್ರೆ ಮೋಟುಲ್ ಆರ್‌ಬಿಎಫ್ 600 ಥರದ್ದು, ಹೊಸದಿದ್ದಾಗ 312 ಡಿಗ್ರಿ ತಡಿಯತ್ತೆ, ಇಲ್ಲ ಅವರು ನನಗೆ ದುಡ್ಡು ಕೊಟ್ಟಿಲ್ಲ, ಕೊಟ್ರೆ ಬೇಡ ಅನ್ನಲ್ಲ. ನಂಬರ್ ಜಾಸ್ತಿ ಇದೆ ಅಂತ ಡಾಟ್ 5 ಮಾತ್ರ ತರ್ಬೇಡಿ, ಅದು ಸಿಲಿಕೋನು, ನಿಮ್ಮ ಕಾರಿಗಲ್ಲ. 5.1 ಬೇರೆ, 5 ಬೇರೆ.

ಮಿಕ್ಕಿದ್ದೆಲ್ಲ ಬೇಗ ಹೇಳ್ತೀನಿ, ಹೇಳಿಲ್ಲ ಅಂದ್ರೆ ಅದಕ್ಕೂ ಕಾಮೆಂಟ್ ಬರತ್ತೆ. ಇಂಜಿನ್ ಆಯಿಲ್ ಲೆವೆಲ್ ಮೇಲಿನ ಗೆರೆಗೆ. ಟೈರ್ ಬಿಸಿಯಾದ್ರೆ ಗಾಳಿ ಏರತ್ತೆ, ಪ್ರತಿ ಸೆಷನ್ ಆದ್ಮೇಲೆ ನೋಡಿ ಇಳಿಸಿ. ವೀಲ್ ಬೋಲ್ಟ್ ಟಾರ್ಕ್ ರೆಂಚಲ್ಲಿ ಟೈಟ್ ಮಾಡಿ. ಡ್ರೈವರ್ ಮ್ಯಾಟು, ನೀರಿನ ಬಾಟಲು, ಡ್ಯಾಶ್‌ಬೋರ್ಡ್ ಗಣಪತಿ ಎಲ್ಲಾ ಹೊರಗೆ, ಗಣಪನ್ನ ಕೈಮುಗಿದು ಬ್ಯಾಗಲ್ಲಿಡಿ, ಮೊದಲನೇ ಕಾರ್ನರಲ್ಲೇ ಅವನು ನಿಮ್ಮ ಕಾಲಡಿಗೆ ಬಂದ್ರೆ ಅಪಚಾರ. ಸೆಷನ್ ಮುಗಿದ್ಮೇಲೆ ಒಂದು ಲ್ಯಾಪ್ ನಿಧಾನವಾಗಿ ಬಂದು ಗೇರಲ್ಲಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಎಳೀಬೇಡಿ, ಕಾದಿರೋ ಪ್ಯಾಡ್ ಡಿಸ್ಕಿಗೆ ಅಂಟ್ಕೊಳತ್ತೆ. ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ, ರೇಸಿಂಗು ಸ್ಪೀಡ್ ಟೆಸ್ಟಿಂಗು ಬರಲ್ಲ ಅಂತ ಸಣ್ಣಕ್ಷರದಲ್ಲಿ ಇರತ್ತೆ. ಅಂದ್ರೆ ಗೋಡೆಗೆ ಹೊಡೆದ್ರೆ ನಿಮ್ದೇ ಜೇಬು. ಹಂಗಂತ ಗೊತ್ತಿದ್ಮೇಲೂ ದುಡ್ಡು ಎಕ್ಸಾಸ್ಟಿಗೆ ಹಾಕ್ತೀರಲ್ಲ! ಜೋರಾಗಿ ಸದ್ದು ಮಾಡ್ಕೊಂಡು ಗೋಡೆಗೆ ಹೋಗೋ ಪ್ಲಾನಾ?

ಆಯುಧ ಪೂಜೆಗೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡೋದು ಒಂದು ವರ್ಷನೂ ಮರ್ತಿಲ್ಲ ನಾವು. ಅದೇ ನಾಲ್ಕು ಚಕ್ರದ ಹಿಂದೆ ನಾಲ್ಕು ನಿಪ್ಪಲ್ ಇದೆ, ಅದನ್ನ ಬಿಚ್ಚಿದೀರಾ? ಇಲ್ಲ. ಬೂದುಗುಂಬಳಕಾಯಿ ಒಡೀತೀರ, ಬ್ರೇಕ್ ಆಯಿಲ್ ಬದಲಾಯ್ಸಲ್ಲ. ಡಿಕ್ಕಿ ಮೇಲೆ ರೆಕ್ಕೆ ಹಾಕಿಸ್ತೀರ, ಬ್ರೇಕ್ ಆಯಿಲ್ ಬದಲಾಯ್ಸಲ್ಲ. ಯಾಕೆ? ಯಾಕಂದ್ರೆ ರೀಲಲ್ಲಿ ಕಾಣಲ್ಲ ಅದು. ಕಾರಣ ಇನ್ನೇನ್ ಹೇಳ್ಲಿ, ಕಾರಣ ಮುಗೀತು ನನ್ ಹತ್ರ, ಬದಲಾಯ್ಸ್ರೋ ಅಂದ್ರೆ ಬದಲಾಯ್ಸ್ರೋ!

ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಆ "ಎಣ್ಣೆ ಜ್ಞಾಪಕ" ಕಾಮೆಂಟಿಗೆ ಡಿಸ್‌ಲೈಕ್ ಒತ್ತಿ. ನಾನು ಹೊರಟೆ, ಕೆಳಗಡೆ ಪೋಲೋ ಜಾಕ್ ಮೇಲೆ ನಿಂತಿದೆ, ಎಡ ಹಿಂದಿನ ಚಕ್ರ ಬ್ಲೀಡ್ ಮಾಡೋದು, ಅಂದ್ರೆ ಹಳೇ ಆಯಿಲ್ ಹೊರಗೆ ಬಿಡೋದು, ಬಾಕಿ, ಪೆಡಲ್ ಒತ್ತಕ್ಕೆ ನಮ್ಮಮ್ಮನ್ನ ಕೂರ್ಸಿ ಬಂದಿದೀನಿ. "ಕುಕ್ಕರ್ ಕೂಗ್ತಿದೆ ಕಣೋ, ಇನ್ನೂ ಎಷ್ಟೊತ್ತು ಒತ್ಕೊಂಡ್ ಕೂತಿರ್ಲಿ?" ಅಂತಿದಾರೆ. ಅಮ್ಮಾ, ಬಿಡ್ಬೇಡ, ಬಂದೆ, ಬಿಡ್ಬೇಡ...