ಅಮಾಸಿಯ ಹಿಂದಿನ ದಿನ

ಕೇಳುಗರಿಗೆಲ್ಲ ನಮಸ್ಕಾರ.

2021ರ ಏಪ್ರಿಲ್ ತಿಂಗಳು. ನಮ್ಮ ವಿಜಯಪುರ ಜಿಲ್ಲೆಯ ಟಿಕೋಟಾ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ಸಣ್ಣ ಮಕ್ಕಳ ಕ್ಲಾಸು ಇನ್ನೂ ತೆರೆದಿರಲಿಲ್ಲ. 45 ದಾಟಿದವರಿಗೆಲ್ಲ ಕೊರೊನಾ ಲಸಿಕೆ ಆಗಷ್ಟೇ ಶುರುವಾಗಿತ್ತು. ಆಶಾ ಕಾರ್ಯಕರ್ತೆಯ ಜೊತೆ ಪಟ್ಟಿ ಹಿಡಿದು ಮನೆಮನೆ ತಿರುಗುವ ಕೆಲಸ ನನ್ನ ಪಾಲಿಗೆ ಬಂತು.

ನಾವು ಹೋಗುವ ಮೊದಲೇ ಯಾರೋ ಊರಲ್ಲಿ ಹೇಳಿಹೋಗಿದ್ದರು, "ಸೂಜಿ ಮಾಡಿಸ್ಕೊಳ್ಳದಿದ್ರ ರೇಷನ್ ಬಂದ್" ಅಂತ. ಮರುದಿನ ಲಸಿಕೆಯ ಗಾಡಿ ಬಂತು. ಅರ್ಧ ಊರಿನ ಬಾಗಿಲಿಗೆ ಚಿಲಕ, ಮಂದಿ ಹೊಲದಲ್ಲಿ. ಸಂಜೆಯವರೆಗೆ ಕೂತರೂ ಬಂದವರು ಬೆರಳೆಣಿಕೆ. ಜನಕ್ಕೆ ಮೂಢನಂಬಿಕೆ ಅಂತ ವರದಿ ಬರೆದು ಗಾಡಿ ತಿರುಗಿ ಹೋಯಿತು.

ಆ ರಾತ್ರಿ ಒಬ್ಬ ಆಯಿಯ ಮನೆಗೆ ಹೋದೆವು. ಒಣದ್ರಾಕ್ಷಿ ಶೆಡ್ಡಿನಿಂದ ಆಗ ತಾನೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ದಿನವಿಡೀ ಹಣ್ಣು ಮುಟ್ಟಿದ ಕೈ, ಬೆರಳಿಗೆ ಬೆರಳು ಅಂಟುತ್ತಿತ್ತು. "ಯಾಕ ಆಯಿ, ಸೂಜಿ ಬ್ಯಾಡೇನು?" ಅಂತ ಆಶಾ ಕಾರ್ಯಕರ್ತೆ ಕೇಳಿದಳು.

"ಬ್ಯಾಡಂತ ಯಾರಂದ್ರವ್ವಾ? ಎರಡು ದಿನ ಜ್ವರ ಬರ್ತಾವಂತ. ಶೆಡ್ಡಿನಾಗ ಮಾಲು ಬಿದ್ದೈತಿ. ನಾ ದಗದಕ್ಕ ಹೋಗದಿದ್ರ ಪಗಾರ ಯಾರ ಕೊಡ್ತಾರ?"

ಇದರಲ್ಲಿ ಮೂಢನಂಬಿಕೆ ಎಲ್ಲಿದೆ? ಹಸಿ ದ್ರಾಕ್ಷಿ ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರವುವ ಹಂಗಾಮು ವರ್ಷಕ್ಕೊಮ್ಮೆ ಬರುತ್ತದೆ, ಆ ಕೂಲಿಯ ಮೇಲೆ ಮಳೆಗಾಲದವರೆಗೆ ಸಂಸಾರ ನಡೆಯಬೇಕು. ಆಯಿ ಲೆಕ್ಕ ಹಾಕಿದ್ದಳು, ಸರಿಯಾಗಿಯೇ ಹಾಕಿದ್ದಳು. ಅವಳನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಆಶಾ ಕಾರ್ಯಕರ್ತೆ ಏನೂ ಮುಚ್ಚಿಡಲಿಲ್ಲ. "ಖರೆ ಐತಿ ಆಯಿ, ನನಗೂ ಬಂದಿದ್ವು. ರಾತ್ರಿಯೆಲ್ಲ ಮೈಕೈ ನೋವು. ಗುಳಿಗಿ ನುಂಗಿ ಮಲಗಿದೆ, ಮೂರನೇ ದಿನ ನಿಮ್ಮ ಓಣಿಗೇ ಬಂದಿದ್ನೆಲ್ಲ, ನೋಡಿಲ್ಲೇನು?" ಅಂದಳು. ಆಮೇಲೆ ದಿನ ಗೊತ್ತು ಮಾಡುವುದನ್ನು ಹೆಂಗಸರಿಗೇ ಬಿಟ್ಟಳು. 13ಕ್ಕೆ ಯುಗಾದಿ, 12ಕ್ಕೆ ಅಮಾಸಿ, ಎರಡೂ ದಿನ ದಗದಕ್ಕೆ ಬಿಡುವು. "ಹಂಗಾರ ಅಮಾಸಿ ಹಿಂದಿನ ದಿನ ತರ್ರಿ" ಅಂದರು. 11ರ ಭಾನುವಾರ ಶಾಲೆಯ ಪಡಸಾಲೆಯಲ್ಲಿ ಸಾಲು ನಿಂತಿತು.

ದಂಡ, ಬೆದರಿಕೆ ರೋಗವನ್ನು ಓಡಿಸುವ ಮೊದಲು ರೋಗಿಯನ್ನು ಬಚ್ಚಿಡುತ್ತವೆ. ಇದು ನಮ್ಮ ಪ್ರಾಂತ್ಯಕ್ಕೆ ಹೊಸ ಪಾಠವಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಬ್ರಿಟಿಷರು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಪುಣೆಯಲ್ಲಿ ಸೈನಿಕರು ಮನೆಗೆ, ಅಡುಗೆಮನೆಗೆ, ದೇವರ ಕೋಣೆಗೆ ನುಗ್ಗಿ ತಪಾಸಣೆ ಮಾಡಿದರು. ಜನ ರೋಗಿಗಳನ್ನು ಅಡಗಿಸಿಟ್ಟರು. ಸಿಟ್ಟು ಎಲ್ಲಿಗೆ ಹೋಯಿತೆಂದರೆ ಆ ಜೂನ್ ತಿಂಗಳಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ ಸಹೋದರರು ಗುಂಡು ಹೊಡೆದರು. ಅದೇ ವರ್ಷ ಜನವರಿಯಲ್ಲಿ ಮುಂಬೈಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ನಮ್ಮ ಆಶಾ ಕಾರ್ಯಕರ್ತೆಯ ಮಾತು ಕೇಳುವಾಗ ನನಗೆ ಅವನ ನೆನಪಾಗಿತ್ತು.

ಹಾಗಂತ ಆದೇಶವೇ ಬೇಡವೆಂದು ನಾನು ಹೇಳುವುದಿಲ್ಲ. ಜಾತ್ರೆ ನಿಲ್ಲಿಸುವುದು, ಕಲ್ಯಾಣ ಮಂಟಪಕ್ಕೆ ಬೀಗ ಹಾಕುವುದು, ಇವೆಲ್ಲ ಒಬ್ಬೊಬ್ಬರನ್ನೇ ಒಪ್ಪಿಸಿ ಆಗುವ ಕೆಲಸವಲ್ಲ. ಅಲ್ಲಿ ಸರ್ಕಾರ ಗಟ್ಟಿಯಾಗಿ ನಿಲ್ಲಲೇಬೇಕು. ಆದರೆ ಮಾಸ್ಕಿನ ಕಥೆ ನೋಡಿ. 2020ರ ಅಕ್ಟೋಬರಿನಲ್ಲಿ ನಗರಗಳಲ್ಲಿ ದಂಡ 1000 ರೂಪಾಯಿ ಆಯಿತು, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು. ವಿಜಯಪುರದ ಗಾಂಧಿ ಚೌಕದ ಕಡೆ ಹೊರಟ ಟಂಟಂ ಆಟೊ ಒಂದರಲ್ಲಿ ನಾನೇ ಕಂಡೆ: ಹ್ಯಾಂಡಲಿಗೆ ಮಾಸ್ಕು ನೇತುಹಾಕಿದ್ದರು. ಪೊಲೀಸರು ಕಂಡ ಕೂಡಲೇ ಮುಂದೆ ಕೂತವನು ಅದನ್ನು ಕಟ್ಟಿಕೊಂಡ, ಮುಂದಿನ ಸರದಿಯಲ್ಲಿ ಅದೇ ಮಾಸ್ಕು ಇನ್ನೊಬ್ಬನ ಬಾಯಿಗೆ ಬಂತು. ದಂಡ ತಪ್ಪಿತು, ರೋಗಕ್ಕೆ ಹಾದಿಯಾಯಿತು.

ಅದೇ ಜನ ವಾರ ಹಿಡಿದಾಗ ಹೇಗಿರುತ್ತಾರೆ? ಊರಿಗೆ ಬ್ಯಾನಿ ಬಂದರೆ, ಮಳೆ ಹೋದರೆ, ಹಿರಿಯರು ಕೂಡಿ ಡಂಗುರ ಸಾರಿಸುತ್ತಾರೆ. ಐದು ಮಂಗಳವಾರ ಯಾರೂ ಎತ್ತು ಹೂಡುವುದಿಲ್ಲ, ಹೊಲಕ್ಕೆ ಹೋಗುವುದಿಲ್ಲ. ಕಾವಲಿಗೆ ಪೊಲೀಸರಿಲ್ಲ. ಸಾರಿಸಿದ ಗೌಡನ ಎತ್ತೂ ಕೊಟ್ಟಿಗೆಯಲ್ಲೇ ಇರುತ್ತದೆ, ಅದನ್ನು ಊರೆಲ್ಲ ನೋಡುತ್ತದೆ.

ಯಾರ ಮೇಲೂ ಒತ್ತಾಯದಿಂದ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು. ಅಷ್ಟರಲ್ಲಿ ನಮ್ಮೂರಿನ ಕೆಲಸ ಮುಗಿದಿತ್ತು. ಸುಲಭಕ್ಕೆ ಮುಗಿದದ್ದಲ್ಲ. ಎರಡನೇ ಸೂಜಿ ಆರೆಂಟು ವಾರಕ್ಕೆ ಅಂದಿದ್ದೆವು; 2021ರ ಮೇ 13ರಂದು ಕೇಂದ್ರ ಸರ್ಕಾರ ಕೋವಿಶೀಲ್ಡ್‌ನ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿತು. "ಮೊನ್ನೆ ಒಂದು ಹೇಳ್ತೀರಿ, ಇವತ್ತೊಂದು ಹೇಳ್ತೀರಿ" ಅಂತ ಮಂದಿ ಮಾಸ್ತರನನ್ನೂ ಬಿಡಲಿಲ್ಲ. ಆಶಾ ಕಾರ್ಯಕರ್ತೆ ಮತ್ತೆ ಅದೇ ಪಟ್ಟಿ ಹಿಡಿದು ಹೊರಟಳು. ಅಂತರ ಹೆಚ್ಚಿದರೆ ಸೂಜಿಯ ಬಲ ಹೆಚ್ಚುತ್ತದಂತೆ ಅಂತ ಮನೆಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು, ಬೈಸಿಕೊಂಡಳು, ಮತ್ತೆ ಹೇಳಿದಳು.

ಜುಲೈ 9ಕ್ಕೆ ಮಣ್ಣೆತ್ತಿನ ಅಮಾಸಿ. ಎರಡನೇ ಸೂಜಿಯ ಗಾಡಿ 8ಕ್ಕೆ ಬಂತು. ದಿನ ಆರಿಸಿದ್ದು ಆಯಿ. ಪಡಸಾಲೆಯಲ್ಲಿ ಸರದಿ ಕಾಯುತ್ತ ಕೂತವಳ ಪಕ್ಕದಲ್ಲಿ ಮೊಮ್ಮಗ ಹಸಿ ಎರೆಮಣ್ಣು ನಾದಿ ಎತ್ತು ಮಾಡುತ್ತಿದ್ದ. ಹೆಸರು ಕೂಗಿದಾಗ ಅವಳು ಸೆರಗು ಸರಿಸಿ ಎದ್ದಳು.