ಅಂಜನಾದ್ರಿಯ ಗದ್ದಲದಾಚೆ

ಕೇಳುಗರಿಗೆ ನಮಸ್ಕಾರ.

ಶನಿವಾರ ಹತ್ತು ಗಂಟೆಯಾದರೆ ಸಾಕು, ಅಂಜನಾದ್ರಿಯ 575 ಮೆಟ್ಟಿಲುಗಳ ಮೇಲೆ ಜನವೋ ಜನ. ಹನುಮಮಾಲೆ ವಿಸರ್ಜನೆಯ ದಿನವಂತೂ ಕೇಳುವುದೇ ಬೇಡ. ಆದರೆ ಈ ಗದ್ದಲವೆಲ್ಲ ಗುಡ್ಡದ ಬುಡ, ಪಂಪಾಸರೋವರ, ಸಾಣಾಪುರದ ಸುತ್ತಲೇ. ಗಾಡಿ ನಿಲ್ಲಿಸಿ ಒಂದಿಷ್ಟು ನಡೆಯುವವರಿಗೆ ಗಂಗಾವತಿ ಸೀಮೆಯಲ್ಲಿ ಪ್ರಶಾಂತ ಜಾಗಕ್ಕೆ ಬರವಿಲ್ಲ.

ಆನೆಗೊಂದಿಯಲ್ಲಿ ಗಗನ ಮಹಲ್ ನೋಡಿ ಅಲ್ಲಿಂದಲೇ ತಿರುಗುವವರು ಬಹಳ. ಹೊಳೆಯ ಕಡೆ ಇಳಿದರೆ ಚಿಂತಾಮಣಿ ಗುಡಿ, ಬಂಡೆಗಳ ಗವಿ, ನೀರಿನ ಸಪ್ಪಳ. ತುಂಗಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಟ್ಟಾಗ ಮಾತ್ರ ಲೆಕ್ಕ ಬೇರೆ. 64 ಕಂಬದ ಮಂಟಪ ಮುಳುಗುತ್ತದೆ, ಯತಿಗಳ ಸಮಾಧಿಗಳಿರುವ ನಡುಗಡ್ಡೆ ನವವೃಂದಾವನಕ್ಕೆ ಹೋಗುವ ದೋಣಿ ನಿಲ್ಲುತ್ತದೆ. ಉಳಿದ ದಿನಗಳಲ್ಲೂ ಈಜುವ ಆಸೆ ಬೇಡ; ಬಂಡೆಗಳ ನಡುವಿನ ಸೆಳವು ಮೇಲಿನಿಂದ ಕಾಣಿಸುವುದಿಲ್ಲ.

ನಿಜವಾದ ಮೌನ ಬೇಕೆಂದರೆ ಹಿರೇಬೆಣಕಲ್. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ಊರ ಬದಿಯ ಮೋರ್ಯರ ಗುಡ್ಡದ ಮೇಲೆ ಕಬ್ಬಿಣ ಯುಗದ ನೂರಾರು ಕಲ್ಲುಗೋರಿಗಳಿವೆ. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಬದಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಗಾರೆ ಇಲ್ಲ, ಕಲ್ಲು ಕಲ್ಲಿಗೆ ಆತು ನಿಂತಿದೆ. ಆದ್ದರಿಂದ ಫೋಟೊಕ್ಕೆಂದು ಒರಗಬೇಡಿ, ಮೇಲೆ ಹತ್ತಬೇಡಿ. ದೊಡ್ಡ ಬಂಡೆಯ ನೆತ್ತಿಯಲ್ಲಿ ನಗಾರಿಯಂಥ ಕಲ್ಲೊಂದಿದೆ, ಬಡಿದರೆ ದೂರಕ್ಕೆ ಕೇಳುತ್ತದೆ. ಬಡಿಯುವ ಚಪಲ ಯಾರಿಗೂ ಬರುವಂಥದ್ದೇ, ತಡೆದುಕೊಳ್ಳಿ.

ದಾರಿಗೆ ಮೆಟ್ಟಿಲಿಲ್ಲ, ಜಾಲಿಪೊದೆಗಳ ನಡುವೆ ಕಾಲುದಾರಿ ಕವಲೊಡೆಯುತ್ತದೆ. ಊರಲ್ಲಿ ದಾರಿ ಬಲ್ಲವರೊಬ್ಬರನ್ನು ಕರೆದುಕೊಳ್ಳಿ, ಅವರ ಕೂಲಿ ಮೊದಲೇ ಮಾತಾಡಿ. ಬೆಳಗ್ಗೆ ಆರೂವರೆಗೆ ಹತ್ತಲು ಶುರುಮಾಡಿ. ಕುಡಿಯುವ ನೀರು ಮೇಲೆ ಸಿಗದು, ತಲೆಗೆ ಎರಡು ಲೀಟರ್ ಇರಲಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು, ಕೆಡುವುದಿಲ್ಲ. ಸಂಜೆ ತಂಪಾಗಿರುತ್ತದೆ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ, ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದರೂ ಝಳ ಬಿಡುತ್ತಿರುತ್ತದೆ. ಕರಡಿ, ಚಿರತೆ ಓಡಾಡುವ ಗುಡ್ಡಗಳಿವು, ಮಬ್ಬುಗತ್ತಲಿಗೆ ಮುಂಚೆಯೇ ಇಳಿದಿರಬೇಕು. ಮಳೆ ಬಿದ್ದ ಮರುದಿನ ಹೋಗಬೇಡಿ, ಪಾಚಿಗೆ ಬೂಟೂ ಜಾರುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಮೊಣಕಾಲು ನೋವಿದ್ದವರಿಗೆ ಕುಕನೂರು ಬಳಿಯ ಇಟಗಿ. 1112ರ ಮಹಾದೇವ ದೇವಾಲಯ ಬಯಲಲ್ಲೇ ಇದೆ, ಏರಬೇಕಿಲ್ಲ. ಬಸ್ಸಿಗೆ ಹೋಗುವವರು ಕುಕನೂರಿನಲ್ಲಿಯೇ ಮರಳುವ ಬಸ್ಸಿನ ಹೊತ್ತು ಕೇಳಿಕೊಂಡು ಹೊರಡಿ. ನಮಸ್ಕಾರ.