ಕಡ್ಡಿಯ ತುದಿಯ ರಂಜಕ

ಕೇಳುಗರೆಲ್ಲರಿಗೂ ನಮಸ್ಕಾರ.

ರಾತ್ರಿ ಅಡುಗೆಯಾದ ಮೇಲೆ ನಮ್ಮಜ್ಜಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ಬೆಳಿಗ್ಗೆ ಬೂದಿ ಕೆದಕಿ, ಒಂದಿಷ್ಟು ತೆಂಗಿನ ನಾರಿಟ್ಟು ಊದಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ಕೆಂಡ ಆರಿದ್ದರೆ ಕರಟ ಹಿಡಿದು ಪಕ್ಕದ ಮನೆಗೆ ಹೋಗಿ ಬೆಂಕಿ ತರುತ್ತಿದ್ದರು. ಬೆಂಕಿಪೆಟ್ಟಿಗೆ ಮನೆಯಲ್ಲಿತ್ತು. ಆದರೆ ಕಡ್ಡಿ ದಂಡವಾಗಬಾರದು ಎಂಬುದು ಅವರ ಲೆಕ್ಕ. ಆ ಕಡ್ಡಿಯ ವಿಚಾರವನ್ನೇ ಇವತ್ತು ಹೇಳುತ್ತೇನೆ.

ಗೀರಿದರೆ ಹೊತ್ತುವ ಕಡ್ಡಿಯನ್ನು 1827ರಲ್ಲಿ ಮಾರಾಟಕ್ಕಿಟ್ಟವರು ಇಂಗ್ಲೆಂಡಿನ ಜಾನ್ ವಾಕರ್ ಎಂಬ ಔಷಧಿ ವ್ಯಾಪಾರಿ. ಕೆಲವೇ ವರ್ಷಗಳಲ್ಲಿ ಬೇರೆಯವರು ಕಡ್ಡಿಯ ತಲೆಗೆ ಬಿಳಿ ರಂಜಕ, ಅಂದರೆ ಬಿಳಿ ಫಾಸ್ಫರಸ್, ಸೇರಿಸಿದರು. ಗೋಡೆಗೋ ಕಲ್ಲಿಗೋ ಗೀರಿದರೂ ಸಾಕು, ಉರಿಯುತ್ತಿತ್ತು. ಬೆಲೆಯೂ ಅಗ್ಗ.

ಅದನ್ನು ತಯಾರಿಸುವವರ ಗತಿ ಮಾತ್ರ ಬೇರೆ. ಬಿಳಿ ರಂಜಕದ ಹಬೆ ದಿನವಿಡೀ ಮೈಗೆ ಹೋಗಿ ಮೊದಲು ಹಲ್ಲುನೋವು, ಆಮೇಲೆ ಒಸಡಿನ ಕೀವು, ಕೊನೆಗೆ ದವಡೆಯ ಎಲುಬೇ ಕೊಳೆಯುತ್ತಿತ್ತು. ಎಷ್ಟೋ ಮಂದಿಯ ದವಡೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ಹೆಚ್ಚಿನವರು ಬಡ ಹೆಂಗಸರು, ಹುಡುಗಿಯರು.

ಇದಕ್ಕೆ ಪರಿಹಾರ ಆಗಲೇ ಸಿಕ್ಕಿತ್ತು. ಬಿಳಿ ರಂಜಕವನ್ನು ಗಾಳಿ ತಾಗದಂತೆ ಕಾಯಿಸಿದರೆ ಕೆಂಪು ರಂಜಕವಾಗುತ್ತದೆ. ಅದಕ್ಕೆ ಆ ವಿಷವಿಲ್ಲ. 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಪಾಶ್ ರಂಜಕವನ್ನು ಕಡ್ಡಿಯಿಂದ ಬಿಡಿಸಿ ಪೆಟ್ಟಿಗೆಯ ಪಕ್ಕಕ್ಕೆ ಹಚ್ಚುವ ಉಪಾಯ ಕಂಡುಹಿಡಿದರು. ನಾವು ಈಗಲೂ ಕಡ್ಡಿ ಗೀರುವ ಕಂದು ಪಟ್ಟಿ ಅದೇ. ಯೋನ್‌ಷೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಸಹೋದರರು ಅದನ್ನು ಸುಧಾರಿಸಿ ಕಾರ್ಖಾನೆಯಲ್ಲಿ ತಯಾರಿಸಿದರು.

ನನ್ನ ಹೊಟ್ಟೆ ಉರಿಯುವುದು ಮುಂದಿನ ಮಾತಿಗೆ. ಲಂಡನ್ನಿನ ಬ್ರಯಾಂಟ್ ಅಂಡ್ ಮೇ ಕಂಪನಿ 1855ರಲ್ಲೇ ಈ ಸುರಕ್ಷಿತ ಕಡ್ಡಿಯ ಬ್ರಿಟಿಷ್ ಪೇಟೆಂಟನ್ನು ಕೊಂಡುಕೊಂಡಿತ್ತು. ಆ ಕಡ್ಡಿಯನ್ನು ಮಾಡುತ್ತಲೂ ಇತ್ತು. ಆದರೂ ಬಿಳಿ ರಂಜಕದ ಕಡ್ಡಿಯನ್ನು ಬಿಡಲಿಲ್ಲ. ಅಗ್ಗದ ಕಡ್ಡಿಗೆ ಗಿರಾಕಿ ಹೆಚ್ಚು, ಅಷ್ಟೇ ಕಾರಣ.

1888ರ ಜೂನ್‌ನಲ್ಲಿ ಆನಿ ಬೆಸೆಂಟ್ ಆ ಕಂಪನಿಯ ಕೆಲಸದ ಹುಡುಗಿಯರ ಕೂಲಿ, ದಂಡ, ಕಷ್ಟಗಳನ್ನು ಪತ್ರಿಕೆಯಲ್ಲಿ ಬರೆದರು. ಮುಂದೆ ಭಾರತಕ್ಕೆ ಬಂದು 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಅದೇ ಬೆಸೆಂಟ್. ಜುಲೈನಲ್ಲಿ ಒಬ್ಬ ಕೆಲಸಗಾತಿಯನ್ನು ಹೊರಹಾಕಿದಾಗ ಸುಮಾರು 1,400 ಮಂದಿ ಕೆಲಸ ನಿಲ್ಲಿಸಿ ಬೀದಿಗಿಳಿದರು. ಓದುಬರಹ ಸರಿಯಾಗಿ ಬಾರದ, ಅಂದಂದಿನ ಕೂಲಿ ನೆಚ್ಚಿಕೊಂಡ ಹುಡುಗಿಯರು! ಎರಡು ವಾರದಲ್ಲಿ ಕಂಪನಿ ಮಣಿಯಿತು. ದಂಡ ರದ್ದಾಯಿತು. ವಿಷ ಬಿದ್ದ ಜಾಗದಲ್ಲೇ ಬುತ್ತಿ ಬಿಚ್ಚುವುದು ತಪ್ಪಿ, ಊಟಕ್ಕೆ ಬೇರೆ ಕೋಣೆ ಸಿಕ್ಕಿತು.

ರಂಜಕ ಮಾತ್ರ ಉಳಿಯಿತು. ಹತ್ತು ವರ್ಷದ ನಂತರ, 1898ರಲ್ಲಿ, ದವಡೆರೋಗದ ಪ್ರಕರಣಗಳನ್ನು ಮುಚ್ಚಿಟ್ಟದ್ದಕ್ಕೆ ಅದೇ ಕಂಪನಿ ದಂಡ ತೆತ್ತಿತು. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ಸುರಕ್ಷಿತ ಕಡ್ಡಿ ಬಂದು ಆಗಲೇ ಅರ್ಧ ಶತಮಾನ ಕಳೆದಿತ್ತು.

ಭಾರತದಲ್ಲಿ ಆ ನಿಷೇಧದ ಕಾನೂನು ಬಂದದ್ದು 1913ರಲ್ಲಿ. ನಮ್ಮಜ್ಜಿ ಆಗ ತೊಟ್ಟಿಲ ಕೂಸು. ಬೆಳೆದು ಮನೆಯೊಡತಿಯಾದ ಮೇಲೆ ಅವರು ಎಣಿಸಿ ಎಣಿಸಿ ಗೀರಿದ್ದು ಆ ಕಂದು ಪಟ್ಟಿಯ ಮೇಲೆಯೇ.

ನಮಸ್ಕಾರ.